ರಿವ್ಯೂ ಅಂತ ಒತ್ತಿದ ಮೇಲೆ

ಶನಿವಾರ ಬೆಳಿಗ್ಗೆ ರಾಜೂರಿನಿಂದ ಅತ್ತೆಯ ಮಗ ಫೋನ್ ಮಾಡಿದ್ದ. ಅತ್ತೆಗೆ ಎರಡು ವರ್ಷದಿಂದ ಸೊಂಟ ಹಿಡಿದುಕೊಂಡಿದೆ. ಈಗ ಕುತ್ತಿಗೆಯೂ ಸರಿಯಾಗಿ ತಿರುಗುತ್ತಿಲ್ಲ, ಹಿಂದಿನಿಂದ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡ್ತಾಳಂತೆ. ಒಬ್ಬ ಡಾಕ್ಟರು "ವಯಸ್ಸಾತಲ್ಲ, ನೀರಿನಾಗಿನ ಫ್ಲೋರೈಡೂ ಇರಬಹುದು" ಅಂತ ಹೇಳಿ ನೋವಿನ ಗುಳಿಗೆ ಬರೆದುಕೊಟ್ಟು ಕಳಿಸಿದ್ದಾರೆ. "ಇರಬಹುದು" ಅನ್ನೋ ಪದ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. "ನೀ ಅಂತೂ ದಿನಾ ಕಂಪ್ಯೂಟರ್ ಮುಂದ ಕುಂತಿರ್ತಿ. ನೋಡಿ ಹೇಳಪಾ. ನೀರಿಂದನ ಆಗಿದ್ದು ಅಂದ್ರ, ಆ ನೀರ್ ಬಿಟ್ರ ಕಡಿಮಿ ಆಕೈತೇನು?"

ಪ್ರಶ್ನೆ ಸ್ಪಷ್ಟವಾಗಿತ್ತು. ನಮ್ಮ ಆಫೀಸಿನಲ್ಲಿ ಪ್ರಾಡಕ್ಟ್ ಮ್ಯಾನೇಜರುಗಳು ಬರೆಯೋ ರಿಕ್ವೈರ್‌ಮೆಂಟುಗಳಿಗಿಂತ ಸ್ಪಷ್ಟವಾಗಿತ್ತು. ನೋಡಿ ಹೇಳ್ತೀನಿ ಅಂದೆ.

ನನಗೂ ಇದರಲ್ಲಿ ಒಂದು ಸ್ವಂತ ಲೆಕ್ಕ ಇದೆ. ನನ್ನ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆಗಳಿವೆ. ಊರಲ್ಲಿದ್ದಾಗ ಅದು ಒಂದು ವಿಷಯವೇ ಆಗಿರಲಿಲ್ಲ. ನಮ್ಮ ಓಣಿಯ ಐದಾರು ಹುಡುಗರಿಗೆ ಹಾಗೇ ಇತ್ತು, ನಾವು ಒಟ್ಟಿಗೇ ನಗ್ತಿದ್ವಿ. ಬಿಇ ಮುಗಿಸಿ ಬೆಂಗಳೂರಿಗೆ ಬಂದ ವರ್ಷ ಹಲ್ಲು ನೋವಾಗಿ ಒಬ್ಬ ದಂತವೈದ್ಯರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಮಾತು "ಗುಟ್ಕಾ ಎಷ್ಟು ವರ್ಷದಿಂದ ಹಾಕ್ತೀರಾ?" ನಾನು ಒಂದು ಅಡಿಕೆ ಚೂರನ್ನೂ ಬಾಯಿಗೆ ಹಾಕಿದವನಲ್ಲ. ಆದರೆ ಆವತ್ತು ಆ ಮಾತು ಹೇಳಲೂ ನಾಚಿಕೆಯಾಗಿ ಸುಮ್ಮನಿದ್ದೆ. ಆಮೇಲೆ ಗೊತ್ತಾಗಿದ್ದು: ಹಲ್ಲಿನ ಎನಾಮೆಲ್ ತಯಾರಾಗುವುದು ಚಿಕ್ಕಂದಿನಲ್ಲಿ, ಹೆಚ್ಚುಕಡಿಮೆ ಎಂಟು ವರ್ಷದೊಳಗೆ. ಆ ಕಾಲದಲ್ಲಿ ಕುಡಿದ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದ್ದರೆ ಎನಾಮೆಲ್ ಹೀಗೆ ಮಚ್ಚೆ ಬೀಳುತ್ತದೆ. ದೊಡ್ಡವರಾದ ಮೇಲೆ ಎಂಥಾ ನೀರು ಕುಡಿದರೂ ಆಗಲೇ ಬಂದ ಹಲ್ಲಿಗೆ ಈ ಮಚ್ಚೆ ಬರುವುದಿಲ್ಲ, ಬಂದದ್ದು ಹೋಗುವುದೂ ಇಲ್ಲ. ಲಾಗ್ ಫೈಲ್ ಇದ್ದ ಹಾಗೆ. ನನ್ನ ಬಾಯಲ್ಲಿರುವುದು ಎಂಟು ವರ್ಷದವರೆಗೆ ನಾನು ಕುಡಿದ ನೀರಿನ ಲಾಗ್.

ಮೊದಲು ಗೂಗಲ್ ಮಾಡಿದೆ. ಅರ್ಧ ಗಂಟೆಯಲ್ಲಿ ಮೂರು ಆರ್‌ಒ ಕಂಪನಿಯವರು ನನ್ನ ಬೆನ್ನು ಹತ್ತಿದರು. ಅದಕ್ಕೇ ಪಬ್‌ಮೆಡ್‌ಗೆ ಹೋದೆ. ಗೊತ್ತಿಲ್ಲದವರಿಗೆ: ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ನಡೆಸುವ ವೈದ್ಯಕೀಯ ಲೇಖನಗಳ ಸೂಚಿ ಅದು. 1879ರಲ್ಲಿ ಜಾನ್ ಶಾ ಬಿಲ್ಲಿಂಗ್ಸ್ ಎಂಬ ಮಿಲಿಟರಿ ಸರ್ಜನ್ ಶುರು ಮಾಡಿದ ಇಂಡೆಕ್ಸ್ ಮೆಡಿಕಸ್ ಎಂಬ ಅಚ್ಚಿನ ಪಟ್ಟಿಯ ವಂಶದ್ದು. 1997ರಲ್ಲಿ ಅದನ್ನು ಜಗತ್ತಿಗೆಲ್ಲ ಪುಕ್ಕಟೆ ತೆರೆದರು. ಈಗ ಮೂರೂವರೆ ಕೋಟಿಗಿಂತ ಹೆಚ್ಚು ಲೇಖನಗಳ ವಿವರ ಅದರಲ್ಲಿದೆ. ಜಾಹೀರಾತಿಲ್ಲ, ಲಾಗಿನ್ ಕೇಳಲ್ಲ, ಯಾರೂ ಫೋನ್ ಮಾಡಲ್ಲ. ಸರ್ಕಾರಿ ದುಡ್ಡಲ್ಲಿ ಇಷ್ಟು ಒಳ್ಳೆ ಸಾಫ್ಟ್‌ವೇರ್ ಮಾಡಬಹುದು ಅನ್ನೋದಕ್ಕೆ ನಾನು ಕೊಡುವ ಉದಾಹರಣೆಗಳಲ್ಲಿ ಇದೂ ಒಂದು. ಮುಂದೆ ಬೈಯೋದಿದೆ, ಅದಕ್ಕೆ ಈಗಲೇ ಹೊಗಳಿಬಿಡ್ತೀನಿ.

ಫ್ಲೋರೈಡ್ ಅಂತ ಟೈಪಿಸಿದೆ. ಸಾವಿರ ಸಾವಿರ ಬಂತು. ಎಡಗಡೆ ಫಿಲ್ಟರುಗಳ ಸಾಲಿದೆಯಲ್ಲ, ಅದರಲ್ಲಿ "ರಿವ್ಯೂ" ಅಂತ ಒಂದು ಚೌಕ. ವೈದ್ಯರಲ್ಲದ ನಮ್ಮಂಥವರಿಗೆ ಎಲ್ಲರೂ ಕೊಡುವ ಸಲಹೆ ಅದೇ: ಒಂದೊಂದು ಪ್ರಯೋಗದ ವರದಿ ಓದಿ ಕಂಗೆಡಬೇಡ, ರಿವ್ಯೂ ಓದು. ಒಬ್ಬ ಬಲ್ಲವನು ನೂರಾರು ಪ್ರಬಂಧ ಓದಿ, ಜರಡಿ ಹಿಡಿದು, ಒಂದು ಕಡೆ ಕೂಡಿಸಿ ಹೇಳಿರ್ತಾನೆ. ಒಳ್ಳೆ ಸಲಹೆಯೇ. ಒತ್ತಿದೆ. ಪಕ್ಕದಲ್ಲಿ "ಐದು ವರ್ಷ" ಅಂತಲೂ ಇತ್ತು. ಹೊಸದೇ ಇರಲಿ ಅಂತ ಅದನ್ನೂ ಒತ್ತಿದೆ.

ಬಂದದ್ದು ಟೂತ್‌ಪೇಸ್ಟ್. ಮಕ್ಕಳ ಹಲ್ಲಿಗೆ ಬಳಿಯುವ ಫ್ಲೋರೈಡ್ ವಾರ್ನಿಶ್. ಹುಳುಕು ಹಲ್ಲಿಗೆ ಹಚ್ಚುವ ಸಿಲ್ವರ್ ಡೈಅಮೈನ್ ಫ್ಲೋರೈಡ್. ಬಾಯಿ ಮುಕ್ಕಳಿಸುವ ದ್ರಾವಣ. ಕ್ಯಾನ್ಸರ್ ಎಲುಬಿಗೆ ಹರಡಿದೆಯೇ ನೋಡಲು ಬಳಸುವ ಫ್ಲೋರೈಡ್ ಸ್ಕ್ಯಾನ್. ಊರ ನೀರಿಗೆ ಫ್ಲೋರೈಡ್ ಎಷ್ಟು ಬೆರೆಸಬೇಕು, ಬೆರೆಸಿದರೆ ಹುಳುಕು ಎಷ್ಟು ಕಡಿಮೆಯಾಗುತ್ತದೆ. ಎರಡು ಪುಟ, ಮೂರು ಪುಟ ಇಳಿದರೂ ಅದೇ. ನೀರಲ್ಲಿ ಆಗಲೇ ಇರುವ ಫ್ಲೋರೈಡ್ ಕುಡಿದು ಸೊಂಟ ಹಿಡಿದ ಹೆಂಗಸು ಎಲ್ಲೂ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ನನಗೆ ಈ ಇಡೀ ವಿಷಯ ಅರ್ಥವಾಗಿದ್ದು ಇಲ್ಲೇ. ಜಗತ್ತಿನಲ್ಲಿ ಫ್ಲೋರೈಡ್ ಬಗ್ಗೆ ಎರಡು ಪ್ರಶ್ನೆಗಳಿವೆ. ಒಂದು, ಹಾಕುವವರದು. 1945ರ ಜನವರಿಯಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಊರು ಹಲ್ಲಿನ ಹುಳುಕು ತಡೆಯಲು ತನ್ನ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸಲು ಶುರು ಮಾಡಿತು. ಈಗ ಅಲ್ಲಿ ಶಿಫಾರಸು ಮಾಡಿರುವುದು ಲೀಟರಿಗೆ 0.7 ಮಿಲಿಗ್ರಾಂ. ಇನ್ನೊಂದು, ತೆಗೆಯುವವರದು. ನಮ್ಮ ಗದಗ ಜಿಲ್ಲೆಯಂಥ ಕಡೆ ಬಂಡೆಗಲ್ಲಿನ ಸಂದುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಆ ನೀರಲ್ಲಿ ಸೋಡಾ ಅಂಶ ಜಾಸ್ತಿ, ಸುಣ್ಣದ ಅಂಶ ಕಡಿಮೆ ಇದ್ದರೆ ಇನ್ನೂ ಹೆಚ್ಚು. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಇಂಥ ನೀರು ಸಿಗುವ ಸಂಭವ ಹೆಚ್ಚು. ಭಾರತದ ಕುಡಿಯುವ ನೀರಿನ ಮಾನಕ ಹೇಳುವುದು 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಮುಂಡರಗಿ ಕಡೆಯ ಅಂತರ್ಜಲದ ಬಗ್ಗೆ ಪ್ರಬಂಧಗಳೇ ಇವೆ. ನಮ್ಮದು ಬೆರೆಸುವ ಪ್ರಶ್ನೆಯಲ್ಲ, ಆಗಲೇ ಬೆರೆತಿರುವುದನ್ನು ಏನು ಮಾಡೋದು ಅನ್ನೋ ಪ್ರಶ್ನೆ.

ಪಬ್‌ಮೆಡ್‌ಗೆ ಇವೆರಡರ ವ್ಯತ್ಯಾಸ ಗೊತ್ತಿಲ್ಲ ಅಂತಲ್ಲ. ಅದರ ವಿಷಯ ಸೂಚಿಯಲ್ಲಿ ಫ್ಲೋರಿಡೇಶನ್ ಎಂಬ ತಲೆಬರಹ ಬೇರೆ, ಹಲ್ಲಿನ ಫ್ಲೋರೋಸಿಸ್ ಬೇರೆ, ಫ್ಲೋರೈಡ್ ವಿಷಬಾಧೆ ಬೇರೆ. ತಪ್ಪು ನಡೆದದ್ದು "ರಿವ್ಯೂ" ಅಂತ ಒತ್ತಿದಾಗ. ರಿವ್ಯೂ ಬರೆಯಲು ಮೊದಲು ನೂರಾರು ಪ್ರಬಂಧಗಳಿರಬೇಕು, ನೂರಾರು ಪ್ರಬಂಧಗಳಿಗೆ ದುಡ್ಡು ಬೇಕು, ದುಡ್ಡಿರುವವರ ಪ್ರಶ್ನೆ ಹಾಕುವವರ ಪ್ರಶ್ನೆ. ಹಾಗಾಗಿ ಆ ಚೌಕ ಒತ್ತಿದ ಕೂಡಲೇ ನೀವು ಗುಣಮಟ್ಟವನ್ನಷ್ಟೇ ಸೋಸುತ್ತಿಲ್ಲ, ಪ್ರಶ್ನೆಯನ್ನೂ ಬದಲಾಯಿಸಿಕೊಳ್ತಿದ್ದೀರಿ. ಯಾರೂ ನಿಮಗೆ ಆ ಮಾತು ಹೇಳುವುದಿಲ್ಲ.

ಹಾಕುವವರ ರಿವ್ಯೂಗಳಲ್ಲಿ ಅತ್ಯುತ್ತಮ ಎನ್ನಬಹುದಾದ ಒಂದನ್ನು ಆ ರಾತ್ರಿ ಪೂರ್ತಿ ಕೂತು ನೋಡಿದೆ. ಕಾಕ್ರೇನ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ, ಕುಡಿಯುವ ನೀರಿನ ಫ್ಲೋರಿಡೇಶನ್ ಮತ್ತು ಹುಳುಕು ಹಲ್ಲಿನ ಬಗ್ಗೆ. ಇದನ್ನು ಬೈಯಲು ನನಗೆ ಮನಸ್ಸಿಲ್ಲ, ಅಷ್ಟು ಪ್ರಾಮಾಣಿಕವಾಗಿದೆ. ಯಾವ ಅಧ್ಯಯನಗಳನ್ನು ಯಾಕೆ ತಗೊಂಡೆವು, ಯಾವುದನ್ನು ಯಾಕೆ ಬಿಟ್ಟೆವು, ಎಲ್ಲ ಬಿಚ್ಚಿಟ್ಟಿದ್ದಾರೆ. 155 ಅಧ್ಯಯನಗಳು ಅವರ ಅಳತೆಗೆ ಬಂದವು. ಮುಖ್ಯ ಪ್ರಶ್ನೆಗೆ ಸಿಕ್ಕ ಪುರಾವೆ ಹೆಚ್ಚಿನದು 1975ಕ್ಕಿಂತ ಹಿಂದಿನದು, ಅಂದರೆ ಫ್ಲೋರೈಡ್ ಪೇಸ್ಟ್ ಮನೆಮನೆಗೆ ಬರುವ ಮೊದಲಿನದು, ಹಾಗಾಗಿ ಇವತ್ತಿಗೆ ಎಷ್ಟು ಅನ್ವಯ ಅಂತ ಖಾತ್ರಿಯಿಲ್ಲ ಅಂತ ತಾವೇ ಹೇಳಿಕೊಂಡಿದ್ದಾರೆ. ಎಷ್ಟು ಜನ ಎಂಜಿನಿಯರುಗಳು ತಮ್ಮ ಕೋಡಿನ ಬಗ್ಗೆ ಹೀಗೆ ಬರೆದುಕೊಳ್ತಾರೆ ಹೇಳಿ.

ಅದರಲ್ಲಿ ನನ್ನ ಹಲ್ಲು ಕೂಡ ಇದೆ! ನೀರಲ್ಲಿ 0.7 ಮಿಲಿಗ್ರಾಂ ಇದ್ದರೆ ಸುಮಾರು ನೂರಕ್ಕೆ 12 ಜನರಿಗೆ ನೋಟಕ್ಕೆ ಚಿಂತೆ ತರುವಂಥ ಮಚ್ಚೆ ಬರಬಹುದು ಎಂದು ಅಂದಾಜು ಕೊಟ್ಟಿದ್ದಾರೆ. ಅವರ ಪಾರಿಭಾಷಿಕ ಮಾತನ್ನು ಕನ್ನಡಕ್ಕೆ ತಂದರೆ "ಸೌಂದರ್ಯದ ಕಾಳಜಿಯ ಫ್ಲೋರೋಸಿಸ್" ಅಂತಾಗುತ್ತೆ. ಗುಟ್ಕಾ ಪ್ರಶ್ನೆ ನೆನಪಾಗಿ ನಕ್ಕೆ. ಆದರೆ ಈ ರಿವ್ಯೂ ಅಳೆಯಲು ಹೊರಟ ಫಲಿತಾಂಶಗಳು ಎರಡೇ: ಹುಳುಕು ಮತ್ತು ಹಲ್ಲಿನ ಮಚ್ಚೆ. ನೀರಲ್ಲಿ ಸಹಜವಾಗಿ ಇರುವ ಫ್ಲೋರೈಡನ್ನೂ ಅದು ಲೆಕ್ಕಕ್ಕೆ ತಗೊಳ್ಳುತ್ತದೆ, ಆದರೆ ಬಾಯಿಂದ ಕೆಳಗೆ ಇಳಿಯುವುದಿಲ್ಲ. ಬೆನ್ನುಮೂಳೆ ಅದರ ಸ್ಕೋಪಿನಲ್ಲಿಲ್ಲ. ಅದು ಅವರ ತಪ್ಪೂ ಅಲ್ಲ. ಅವರು ಕೇಳಿಕೊಂಡ ಪ್ರಶ್ನೆಗೆ ಅವರು ಉತ್ತರ ಕೊಟ್ಟಿದ್ದಾರೆ. ಅದನ್ನು ಅತ್ತೆಯ ಪ್ರಶ್ನೆಗೆ ಉತ್ತರ ಅಂತ ತಗೊಂಡರೆ ತಪ್ಪು ನನ್ನದು. "0.7 ಮಿಲಿಗ್ರಾಂಗೆ ಹಲ್ಲಿನ ಮಚ್ಚೆ ಬಿಟ್ಟರೆ ಏನೂ ಆಗಲ್ಲವಂತೆ" ಅಂತ ಫೋನ್ ಮಾಡಿ ಹೇಳಿಬಿಡುವಷ್ಟು ಹತ್ತಿರ ನಾನು ಹೋಗಿದ್ದೆ, ಅದಕ್ಕೇ ಹೇಳ್ತಿದೀನಿ.

ಎಲ್ಲ ರಿವ್ಯೂಗಳೂ ಕಾಕ್ರೇನ್ ಥರ ಇರೋದಿಲ್ಲ, ಇದು ಇನ್ನೊಂದು ತೊಂದರೆ. 1987ರಲ್ಲಿ ಸಿಂಥಿಯಾ ಮುಲ್ರೋ ಎಂಬ ವೈದ್ಯೆ ನಾಲ್ಕು ದೊಡ್ಡ ವೈದ್ಯಕೀಯ ಪತ್ರಿಕೆಗಳ 50 ರಿವ್ಯೂ ಲೇಖನಗಳನ್ನು ತಗೊಂಡು ಅವನ್ನೇ ರಿವ್ಯೂ ಮಾಡಿದರು. ಮಾಹಿತಿಯನ್ನು ಹೇಗೆ ಹುಡುಕಿದೆವು, ಹೇಗೆ ಆರಿಸಿದೆವು, ಹೇಗೆ ಪರೀಕ್ಷಿಸಿದೆವು ಎಂದು ಸ್ಪಷ್ಟವಾಗಿ ಬರೆದಿದ್ದ ಲೇಖನ 50ರಲ್ಲಿ ಒಂದು. ಒಂದೇ. ಆಮೇಲೆ ವ್ಯವಸ್ಥಿತ ರಿವ್ಯೂ ಎಂಬ ಕಟ್ಟುನಿಟ್ಟಿನ ಪ್ರಕಾರ ಬಂತು. 2016ರ ಹೊತ್ತಿಗೆ ಜಾನ್ ಅಯೋನಿಡಿಸ್ ಅಂಥ ರಿವ್ಯೂಗಳೂ ಕಾರ್ಖಾನೆ ಮಾಲಿನಂತೆ ಬೇಕಿಲ್ಲದಷ್ಟು ಉತ್ಪಾದನೆಯಾಗ್ತಿವೆ ಅಂತ ಬರೆಯಬೇಕಾಯಿತು. ಪಬ್‌ಮೆಡ್‌ನಲ್ಲಿ ವ್ಯವಸ್ಥಿತ ರಿವ್ಯೂಗೆ ಬೇರೆ ಚೌಕ ಇದೆ. ಆದರೆ ಬರೀ "ರಿವ್ಯೂ" ಅನ್ನುವ ಚೌಕದಲ್ಲಿ ಎಲ್ಲ ಬರುತ್ತದೆ: ಹತ್ತು ವರ್ಷ ಕೆಲಸ ಮಾಡಿದವರ ತೂಕದ ಬರಹವೂ, ಪಿಎಚ್‌ಡಿ ಹುಡುಗನ ಮೊದಲ ಅಧ್ಯಾಯವೂ. ಆ ಚೀಟಿ ಅಂಟಿಸುವ ಕೆಲಸವನ್ನೂ ಮೊದಲು ಲೈಬ್ರರಿಯ ಜನ ಓದಿ ಮಾಡ್ತಿದ್ದರು, 2022ರಿಂದ ಅಲ್ಗಾರಿದಮ್ ಮಾಡ್ತಿದೆ. ನಮ್ಮಲ್ಲಿ ಕೋಡ್ ರಿವ್ಯೂ ಅಂತ ಇರುತ್ತಲ್ಲ, ಸಾಲುಸಾಲು ಓದಿ ಜಗಳ ಆಡುವವರೂ ಅದನ್ನೇ ಮಾಡೋದು, ಊಟಕ್ಕೆ ಹೋಗುವ ಮುಂಚೆ "ನನಗೆ ಓಕೆ" ಅಂತ ಒತ್ತುವವರೂ ಅದನ್ನೇ ಮಾಡೋದು. ಸಿಸ್ಟಮ್ಮಿನಲ್ಲಿ ಎರಡಕ್ಕೂ ಅದೇ ಹಸಿರು ಟಿಕ್.

ನಡುವೆ ಒಂದು ರಿವ್ಯೂ ನನ್ನನ್ನು ಬೇರೆ ಥರ ಕಾಡಿತು. 2025ರ ಜನವರಿಯಲ್ಲಿ ಜಾಮಾ ಪೀಡಿಯಾಟ್ರಿಕ್ಸ್‌ನಲ್ಲಿ ಬಂದದ್ದು, ಫ್ಲೋರೈಡ್ ಮತ್ತು ಮಕ್ಕಳ ಐಕ್ಯೂ ಬಗ್ಗೆ. ಅಮೆರಿಕದಲ್ಲಿ ಭಾರೀ ಗಲಾಟೆಯಾಯಿತು. ನೀರಿಗೆ ಹಾಕೋದು ನಿಲ್ಲಿಸಿ ಅಂತ ಒಂದು ಗುಂಪು, ಸುಳ್ಳು ಹೆದರಿಕೆ ಹುಟ್ಟಿಸಬೇಡಿ ಅಂತ ಇನ್ನೊಂದು. ಒಳಗೆ ಹೋಗಿ ನೋಡಿದರೆ 74 ಅಧ್ಯಯನಗಳಲ್ಲಿ 45 ಚೀನಾದವು, 12 ಭಾರತದವು. ಅಮೆರಿಕದ್ದು ಒಂದೂ ಇಲ್ಲ. ಒಟ್ಟು 74ರಲ್ಲಿ 52ನ್ನು, ಪಕ್ಷಪಾತದ ಅಪಾಯ ಹೆಚ್ಚಿದೆ ಎಂದು ಲೇಖಕರೇ ಗುರುತಿಸಿದ್ದಾರೆ. ಅಂದರೆ ಚೀನಾದ, ಭಾರತದ ಊರುಗಳ ಮಕ್ಕಳು ಇಲ್ಲಿ "ಹೆಚ್ಚು ಫ್ಲೋರೈಡ್ ಗುಂಪು" ಎಂಬ ಕಾಲಮ್ಮಿನಲ್ಲಿ ಬಂದು ಕೂತಿದ್ದಾರೆ, ದೂರದ ಇನ್ಯಾವುದೋ ದೇಶದ ನಲ್ಲಿ ನೀರಿನ ವಾದದಲ್ಲಿ ಸಾಕ್ಷಿ ಹೇಳಲು. ಸಾಕ್ಷಿ ಹೇಳಿದ ಮೇಲೆ ಅವರ ಊರಿನ ನೀರಿಗೆ ಏನಾಯಿತು ಅನ್ನೋದು ಆ ಲೇಖನದ ವಿಷಯ ಅಲ್ಲ. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ತಪ್ಪೇನಿಲ್ಲ. ಆದರೂ ಓದುವಾಗ ಹೊಟ್ಟೆಯಲ್ಲಿ ಒಂಥರಾ ಆಯ್ತು. ನಮ್ಮ ಮನೆ ಫೋಟೋವನ್ನು ಯಾರದೋ ಮದುವೆ ಆಲ್ಬಮ್ಮಿನಲ್ಲಿ ನೋಡಿದ ಹಾಗೆ.

ಭಾನುವಾರ ಎದ್ದು ಫಿಲ್ಟರ್ ಎಲ್ಲ ತೆಗೆದೆ. ಮೊದಲು "ಐದು ವರ್ಷ" ತೆಗೆದೆ. ಫ್ಲೋರೈಡ್ ಬದಲು ಎಲುಬಿನ ಫ್ಲೋರೋಸಿಸ್ ಅಂತ ಹಾಕಿದೆ, ಅವೆರಡು ಪದಗಳನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಿ. ಪಬ್‌ಮೆಡ್‌ನಲ್ಲಿ ಅಡ್ವಾನ್ಸ್ಡ್ ಪುಟಕ್ಕೆ ಹೋದರೆ ನೀವು ಟೈಪಿಸಿದ್ದನ್ನು ಅದು ಹೇಗೆ ಅರ್ಥ ಮಾಡಿಕೊಂಡಿತು, ಯಾವ ಯಾವ ತಲೆಬರಹಗಳಿಗೆ ಬಿಡಿಸಿಕೊಂಡಿತು ಅಂತ ಪೂರ್ತಿ ತೋರಿಸುತ್ತದೆ. ಗೂಗಲ್ ಯಾವತ್ತೂ ಇದನ್ನು ತೋರಿಸಲ್ಲ. ತಪ್ಪು ಅರ್ಥ ಮಾಡಿಕೊಂಡಿದ್ದರೆ ತಿದ್ದಿ ಮತ್ತೆ ಕೇಳಬಹುದು. ಯಾರಿಗಾದರೂ ಪಬ್‌ಮೆಡ್ ಬಗ್ಗೆ ಒಂದೇ ಒಂದು ವಿಷಯ ಹೇಳಬೇಕಾದರೆ ನಾನು ಈ ಡಬ್ಬಿ ತೋರಿಸ್ತೀನಿ.

ಆಗ ನೋಡಿ, ಬಾಗಿಲು ತೆರೀತು. ನನಗೆ ಬೇಕಾದ ರಿವ್ಯೂ ಇಲ್ಲದೇ ಇರಲಿಲ್ಲ. 1986ರಲ್ಲೇ ಬಂದಿದೆ, ಮನುಷ್ಯರಲ್ಲಿ ಎಲುಬಿನ ಫ್ಲೋರೋಸಿಸ್ ಬಗ್ಗೆ. ಬರೆದವರು ಕೃಷ್ಣಮಾಚಾರಿ. ಇದೇ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯಲ್ಲಿದ್ದಾಗ, 1973ರಲ್ಲಿ, ಫ್ಲೋರೈಡ್ ಪ್ರದೇಶದ ಹುಡುಗರ ಮೊಣಕಾಲು ಒಳಕ್ಕೆ ಬಾಗುವುದರ ಬಗ್ಗೆ ಲ್ಯಾನ್ಸೆಟ್‌ನಲ್ಲಿ ಬರೆದವರು. "ಐದು ವರ್ಷ" ಅಂತ ಒತ್ತಿ ನಾನೇ ಅವರನ್ನು ಹೊರಗೆ ಹಾಕಿದ್ದೆ. ನಮ್ಮ ಕೆಲಸದಲ್ಲಿ ಐದು ವರ್ಷದ ಹಿಂದಿನ ಡಾಕ್ಯುಮೆಂಟ್ ಅಂದರೆ ಕಸ. ಬಂಡೆಗಲ್ಲಿನ ನೀರು, ಎಲುಬು, ಬಡವರ ಊಟ, ಇವಕ್ಕೆ ಆ ವರ್ಷನ್ ನಂಬರ್ ಇಲ್ಲ.

ಒಂದು ಸಿಕ್ಕರೆ ಅದರ ಕೆಳಗೆ "ಇಂಥದ್ದೇ ಲೇಖನಗಳು", "ಇದನ್ನು ಉಲ್ಲೇಖಿಸಿದವರು" ಅಂತ ಬರುತ್ತದೆ. ಹಾಗೇ ಹಿಂದೆ ಹಿಂದೆ ಹೋದೆ. ನೆಲ್ಲೂರು ಜಿಲ್ಲೆಯ ಫ್ಲೋರೋಸಿಸ್ ಬಗ್ಗೆ 1937ರ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ಶಾರ್ಟ್ ಎಂಬುವವರು ಬರೆದದ್ದು, ನಮ್ಮ ದೇಶದಲ್ಲಿ ಈ ರೋಗವನ್ನು ಗುರುತಿಸಿದ ಮೊದಲ ಬರಹಗಳಲ್ಲೊಂದು. ಪಂಜಾಬಿನ ಹಳ್ಳಿಗಳ ಬಗ್ಗೆ ಜಾಲಿ ಮತ್ತು ಸಂಗಡಿಗರು 1968ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದದ್ದು. ಎರಡೂ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪುಕ್ಕಟೆ ಓದಲು ಸಿಗುತ್ತವೆ, ಹಳೆ ಪುಟಗಳ ಸ್ಕ್ಯಾನ್. ಬಗ್ಗಲಾರದ ಬೆನ್ನು, ತಿರುಗದ ಕುತ್ತಿಗೆ, ಇವು ಈ ಬರಹಗಳ ನಡುಮಧ್ಯದಲ್ಲಿವೆ, ಅಡಿಟಿಪ್ಪಣಿಯಲ್ಲಲ್ಲ. ಓದ್ತಾ ಓದ್ತಾ ಅತ್ತೆ ಮೈ ತಿರುಗಿಸಿ ನೋಡುವುದು ಕಣ್ಣಿಗೆ ಕಟ್ಟಿತು.

ಆದರೆ ಮಾವನ ಮನೆಯ ನಿಜವಾದ ಪ್ರಶ್ನೆ "ನೀರ್ ಬಿಟ್ರ ಕಡಿಮಿ ಆಕೈತೇನು" ಅಂತಲ್ಲವೇ? ಅದಕ್ಕೆ ಉತ್ತರ ಸಿಕ್ಕಿದ್ದು ಯಾವ ರಿವ್ಯೂನಲ್ಲೂ ಅಲ್ಲ. 1983ರ ಒಂದು ಪುಟ್ಟ ವರದಿಯಲ್ಲಿ. ಡೆನ್ಮಾರ್ಕಿನ ಗ್ರಾಂಜಾನ್ ಮತ್ತು ಥಾಮ್ಸೆನ್ ಎಂಬಿಬ್ಬರು ಬರೆದದ್ದು, ಹೆಸರೇ "ಎಲುಬಿನ ಫ್ಲೋರೋಸಿಸ್ ಹಿಂತಿರುಗುವಿಕೆ" ಅಂತ. ಕ್ರಯೋಲೈಟ್ ಎಂಬ ಫ್ಲೋರೈಡ್ ಖನಿಜದ ಧೂಳು ಕುಡಿದು ರೋಗ ಬಂದ ಕೆಲಸಗಾರರು. ಕೋಪನ್‌ಹೇಗನ್ನಿನ ಇಂಥ ಕೆಲಸಗಾರರಲ್ಲೇ 1932ರಲ್ಲಿ ಈ ರೋಗವನ್ನು ಮೊದಲು ಕಂಡದ್ದು. ಇವರು ನೋಡಿದ್ದು ನಾಲ್ಕೇ ಜನರನ್ನು, ಧೂಳಿನ ಕೆಲಸ ಬಿಟ್ಟು 8ರಿಂದ 15 ವರ್ಷ ಆದ ಮೇಲೆ ತೆಗೆದ ಎಕ್ಸ್‌ರೇಗಳು. ಎಲುಬಿನೊಳಗಿನ ಅತಿಯಾದ ಗಟ್ಟಿತನ ಬಹಳ ಮಟ್ಟಿಗೆ ಮಾಸಿತ್ತು. ಆದರೆ ಸುಣ್ಣಗಟ್ಟಿದ ಅಸ್ಥಿರಜ್ಜುಗಳು, ಸ್ನಾಯು ಎಲುಬಿಗೆ ಅಂಟುವ ಜಾಗದಲ್ಲಿ ಬೆಳೆದ ಮುಳ್ಳುಗಳು ಹಾಗೇ ಇದ್ದವು.

ನಾಲ್ಕು ಜನ. ಕಾಕ್ರೇನ್ ಜರಡಿಯಲ್ಲಿ ಇದು ಒಂದು ಕ್ಷಣ ನಿಲ್ಲಲ್ಲ. ನಾನು "ರಿವ್ಯೂ" ಅಂತ ಒತ್ತಿದ್ದಾಗ ಕಾಣೆಯಾಗಿದ್ದ ಲೇಖನಗಳಲ್ಲಿ ಇದೂ ಒಂದು. ಆದರೆ ರಾಜೂರಿನಿಂದ ಬಂದ ಪ್ರಶ್ನೆಯನ್ನು, ಅದೇ ಮಾತಿನಲ್ಲಿ, ಯಾರೋ ಕೇಳಿಕೊಂಡು ಹತ್ತು ವರ್ಷ ಕಾದು ನೋಡಿದ್ದು ನನಗೆ ಸಿಕ್ಕಿದ್ದು ಇಲ್ಲೊಂದೇ ಕಡೆ. ಧೂಳು ಬೇರೆ, ನೀರು ಬೇರೆ, ಡೆನ್ಮಾರ್ಕಿನ ಊಟ ಬೇರೆ. ಗೊತ್ತು. ಅದನ್ನೂ ಲೆಕ್ಕಕ್ಕೆ ಹಿಡಿದೇ ಹೇಳ್ತಿದೀನಿ.

ಊಟದ ಮಾತು ಬಂತಲ್ಲ, ಅದೂ ಇದೆ. 1977ರಲ್ಲಿ ಲಕ್ಷ್ಮಯ್ಯ ಮತ್ತು ಶ್ರೀಕಂಠಯ್ಯ ಎಂಬ ವಿಜ್ಞಾನಿಗಳು ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಒಂದು ಪ್ರಬಂಧ ಬರೆದಿದ್ದಾರೆ: ಜೋಳದ ಊಟ ಮಾಡುವವರಲ್ಲಿ, ಅಕ್ಕಿಯ ಊಟ ಮಾಡುವವರಲ್ಲಿ ಫ್ಲೋರೈಡ್ ದೇಹದಲ್ಲಿ ಎಷ್ಟು ಉಳಿಯುತ್ತದೆ ಅಂತ. ಜೋಳದವರಲ್ಲಿ ಹೆಚ್ಚು ಉಳಿಯಿತು ಅನ್ನೋದು ತಾತ್ಪರ್ಯ. ಬೆಂಗಳೂರಿನವರು ದಯವಿಟ್ಟು ಮುಸುಕಿನ ಜೋಳ ಅಂದ್ಕೋಬೇಡಿ, ಅದಕ್ಕೆ ನಾವು ಗೊಂಜಾಳ ಅಂತೀವಿ. ಇದು ಬಿಳಿಜೋಳ, ರೊಟ್ಟಿ ಜೋಳ. ರಾತ್ರಿ ಹನ್ನೊಂದಕ್ಕೆ ಆ ಶೀರ್ಷಿಕೆ ಓದಿ ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಮೂರೂವರೆ ಕೋಟಿ ಲೇಖನಗಳಲ್ಲಿ ನಮ್ಮ ರೊಟ್ಟಿಯೂ ಇದೆ. ಟೂತ್‌ಪೇಸ್ಟಿನ ರಿವ್ಯೂಗಳಲ್ಲಿ ರೊಟ್ಟಿ ಹೇಗೆ ಬರಬೇಕು? ಬರೆಯುವವರ ತಟ್ಟೆಯಲ್ಲಿ ಅದಿಲ್ಲ. ಆ ಪ್ರಬಂಧದ ಪೂರ್ಣ ಪಾಠ ನನಗೆ ಸಿಗಲಿಲ್ಲ, ಬೇರೆಯವರು ಅದನ್ನು ಉಲ್ಲೇಖಿಸಿದ್ದನ್ನು ಓದಿ ಹೇಳ್ತಿದೀನಿ. ಹಾಗಾಗಿ ಇದರ ಮೇಲೆ ಜಾಸ್ತಿ ಭಾರ ಹಾಕಲಾರೆ.

ಪೂರ್ಣ ಪಾಠದ ಗೋಳು ಬೇರೆಯೇ. ಪಬ್‌ಮೆಡ್ ಸೂಚಿ ಪುಕ್ಕಟೆ, ಲೇಖನ ಎಲ್ಲವೂ ಅಲ್ಲ. 2025ರಿಂದ ಕೇಂದ್ರ ಸರ್ಕಾರದ "ಒಂದು ರಾಷ್ಟ್ರ ಒಂದು ಚಂದಾ" ಯೋಜನೆ ಇದೆ, ಆದರೆ ಅದು ಸರ್ಕಾರಿ ಕಾಲೇಜು, ಸಂಶೋಧನಾ ಸಂಸ್ಥೆಗಳವರಿಗೆ. ಅತ್ತೆಯ ಮಗ ಯಾವ ಸಂಸ್ಥೆಯಲ್ಲೂ ಇಲ್ಲ, ನಾನು ಇರುವ ಸಂಸ್ಥೆ ಬೇರೆ ಥರದ್ದು. ಇನ್ನು ಫ್ಲೋರೈಡ್ ಎಂಬ ಹೆಸರಿನ ಪತ್ರಿಕೆಯೇ ಒಂದಿದೆ, 1968ರಿಂದ ಬರ್ತಿದೆ, ನಮ್ಮ ದೇಶದ ಹಳ್ಳಿಗಳ ಎಷ್ಟೋ ಅಧ್ಯಯನಗಳು ಅದರಲ್ಲೇ ಅಚ್ಚಾಗಿವೆ. ಮೆಡ್‌ಲೈನ್ ಅದನ್ನು ಸೂಚಿಗೆ ಸೇರಿಸಿಲ್ಲ. ಆ ಪತ್ರಿಕೆ ಫ್ಲೋರಿಡೇಶನ್ ವಿರೋಧಿಗಳ ಕಡೆ ವಾಲುತ್ತದೆ ಎಂಬ ಟೀಕೆ ಇದೆ, ಆ ಟೀಕೆಯಲ್ಲಿ ಹುರುಳಿಲ್ಲ ಎಂದು ನನಗೂ ಹೇಳಲಾಗದು. ಇಲ್ಲೂ ಹಾಕುವವರ ಜಗಳವೇ. ಅವರ ಜಗಳದಲ್ಲಿ ನಮ್ಮ ಕಡೆಯ ಅಳತೆಗಳು ಸೂಚಿಯಿಂದ ಹೊರಗೆ ಉಳಿದಿವೆ.

ಭಾನುವಾರ ರಾತ್ರಿ ಫೋನ್ ಮಾಡಿದೆ. ನಾನು ಡಾಕ್ಟರಲ್ಲ ಅಂತ ಮೊದಲೇ ಹೇಳಿದೆ. ನೀರಿಂದಲೇ ಅಂತ ಹೇಳಲು ಮೊದಲು ನೀರು ಪರೀಕ್ಷೆ ಆಗಬೇಕು, ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬು, ಗಾಜಿನದು ಬೇಡ. ಎಲುಬಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗು, ಬೆನ್ನಿನ ಎಕ್ಸ್‌ರೇ ಜೊತೆಗೆ ಮುಂಗೈದೂ ತೆಗೆಸಬೇಕಾ ಅಂತ ಕೇಳು. ಮುಂಗೈಯ ಎರಡು ಎಲುಬಿನ ನಡುವಿನ ಪೊರೆ ಸುಣ್ಣಗಟ್ಟಿದ್ದರೆ ಅದು ಫ್ಲೋರೋಸಿಸ್‌ನ ದೊಡ್ಡ ಗುರುತು. ನೀರು ಬದಲಾಯಿಸಿದರೆ ಮುಂದೆ ಹೆಚ್ಚಾಗದಂತೆ ತಡೀಬಹುದು, ಎಲುಬು ನಿಧಾನಕ್ಕೆ ಸ್ವಲ್ಪ ತಿಳಿಯಾಗಬಹುದು, ವರ್ಷಗಟ್ಟಲೆ ಬೇಕು. ಆಗಲೇ ಬಿಗಿದಿದ್ದು ಸಡಿಲ ಆಗೋದು ಕಷ್ಟ. ಮೊಮ್ಮಕ್ಕಳಿಗೆ ಮಾತ್ರ ಇವತ್ತಿಂದಲೇ ಘಟಕದ ನೀರು.

ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ ಫೋನ್ ಅತ್ತೆ ಕೈಗೆ ಹೋಯಿತು. ಜೋಳದ ವಿಷಯ ಇವನು ನಡುವೆ ಬಾಯಿ ಬಿಟ್ಟಿದ್ದಾನೆ ಅಂತ ಕಾಣುತ್ತೆ. "ಏನಪಾ, ರೊಟ್ಟಿ ಬಿಡಬೇಕೇನು ಹಂಗಾರ?"

"ಬ್ಯಾಡ ಅತ್ತಿ, ರೊಟ್ಟಿ ತಿನ್ನು. ಜೋಡಿ ಹಾಲು ಮಸರು ಬಿಡಬ್ಯಾಡ."

"ಅದನ್ನ ಹೇಳಾಕ ಎರಡು ದಿನ ಬೇಕಾತೇನು?" ಅಂದಳು.

ಬಾಟಲಿ ಮಂಗಳವಾರ ಬಸ್ಸಿನಲ್ಲಿ ಗದಗಕ್ಕೆ ಹೋಗಿದೆ. ರಿಪೋರ್ಟ್ ಇನ್ನೂ ಬಂದಿಲ್ಲ.